ದೊಡ್ಡವ್ವನ ಬಾಯಾರಿಕೆ

ಈ ಬೆಳಗ್ಗೆ ಹಿತ್ತಲಲ್ಲಿ ಬದನೆ ಗಿಡಗಳಿಗೆ ಪಾತಿ ಮಾಡಿ, ಎರಡು ಕೊಡ ನೀರು ಹೊಯ್ದು, ಕೈ ತೊಳೆದುಕೊಂಡು ಬರೆಯಲು ಕೂತೆ. ಪೆನ್ನು ಹಿಡಿದಾಗ ಉಗುರಿನ ಸಂದಿಯಲ್ಲಿ ಮಣ್ಣಿನ ಒಂದು ಗೆರೆ ಉಳಿದದ್ದು ಕಂಡಿತು. ಕಡ್ಡಿಯಿಂದ ಕೆರೆದು ತೆಗೆದು ಮೂಗಿನ ಹತ್ತಿರ ಹಿಡಿದೆ. ಏಕೆಂದು ಕೇಳಬೇಡಿ, ನಲವತ್ತೈದು ದಾಟಿದ ಹೆಡ್‌ಮಾಸ್ತರರೂ ಯಾರೂ ನೋಡದಿದ್ದಾಗ ಇಂಥದ್ದನ್ನೆಲ್ಲ ಮಾಡುತ್ತಾರೆ. ನೀರು ಕುಡಿದ ಮಣ್ಣಿನ ವಾಸನೆ. ಪಾವಗಡದ ಈ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಇದ್ದೇನೆ, ದಿನವೂ ಆ ವಾಸನೆ ನನ್ನ ಮೂಗಿಗೆ ತಾಕಿರಲೇಬೇಕು. ಇವತ್ತು ಮಾತ್ರ ಅದು ನನ್ನನ್ನು ಮಧುಗಿರಿಯಿಂದ ಸಿರಾಕ್ಕೆ ಹೋಗುವ ದಾರಿಯ ಒಂದು ಹಳ್ಳಿಗೆ, ಅಲ್ಲಿಯ ಒಂದು ಮೆಣಸಿನ ತೋಟಕ್ಕೆ, ಇಪ್ಪತ್ತು ವರ್ಷಕ್ಕೂ ಹಿಂದಕ್ಕೆ ಎಳೆದೊಯ್ದು ಕೂರಿಸಿತು.

ಮೊದಲೇ ಹೇಳಿಬಿಡುತ್ತೇನೆ, ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಕಾಲೇಜಿಗೆ ಸೇರಿದಂದಿನಿಂದ ದಿನಚರಿ ಬರೆಯುತ್ತಿದ್ದೇನೆ. ದಿನಚರಿ ಬರೆಯುವವನ ನೆನಪು ಗಟ್ಟಿ ಎಂದು ಜನ ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಅವನಿಗೆ ಎರಡು ನೆನಪುಗಳಿರುತ್ತವೆ, ಒಂದು ತಲೆಯಲ್ಲಿ, ಒಂದು ಕಾಗದದಲ್ಲಿ. ಅವೆರಡೂ ಸಾಕ್ಷಿಕಟ್ಟೆ ಹತ್ತಿದಾಗ ಬೇರೆಬೇರೆ ಮಾತಾಡುತ್ತವೆ. ಎರಡಕ್ಕೂ ವಕೀಲ ನಾನೇ.

ಮೈಸೂರಿನಲ್ಲಿ ತತ್ತ್ವಶಾಸ್ತ್ರ ತೆಗೆದುಕೊಂಡು ಬಿ.ಎ. ಮುಗಿಸಿ ಬಂದ ವರ್ಷ ಅದು. ಕೆಲಸ ಸಿಕ್ಕಿರಲಿಲ್ಲ. ಕೊರಟಗೆರೆಯಲ್ಲಿ ನಮ್ಮ ತಂದೆಯ ಕಿರಾಣಿ ಅಂಗಡಿ. ಅಂಗಡಿಯ ಜಗಲಿಯ ಮೇಲೆ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತ ಮಗನನ್ನು ಕಂಡು ಗಿರಾಕಿಗಳು "ಹುಡುಗನಿಗೆ ಮೈ ಸರಿಯಿಲ್ಲವೇ?" ಎಂದು ಕೇಳತೊಡಗಿದ ಮೇಲೆ ತಂದೆ ನನ್ನನ್ನು ದೊಡ್ಡವ್ವನ ಊರಿಗೆ ಸಾಗಹಾಕಿದರು. ಕಾಲೇಜಿನ ಲೈಬ್ರರಿಯಲ್ಲಿ ಯೋಗದ ಮೇಲೆ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಪುಸ್ತಕ ಓದಿ ನನಗೆ ಒಂದು ಹಟ ಹುಟ್ಟಿತ್ತು: 'ನಾನು' ಎಂಬುದು ಕರಗಿ, ಈ ಕ್ಷಣ ಮಾತ್ರ ಉಳಿಯುವ ಆ ಸ್ಥಿತಿಯನ್ನು ಕಂಡೇ ತೀರಬೇಕು, ಕಂಡದ್ದನ್ನು ಬರೆದಿಡಬೇಕು. ಎದುರಿಗೆ ಗಡಿಯಾರ ಇಟ್ಟುಕೊಂಡು ಧ್ಯಾನಕ್ಕೆ ಕೂರುತ್ತಿದ್ದೆ. ಆ ಕಾಲದ ಒಂದು ಪುಟದಲ್ಲಿ ಹೀಗಿದೆ: "ಹನ್ನೊಂದು ನಿಮಿಷ. ಮನಸ್ಸು ಬಹುತೇಕ ನಿಂತಿತ್ತು. ಎಡಗಾಲು ಜೋಮು." ಆ 'ಬಹುತೇಕ'ವನ್ನು ಓದಿದಾಗ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ದೊಡ್ಡವ್ವ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅರವತ್ತರ ಹೆಂಗಸು, ಒಣಗಿದ ಮೈ, ಎತ್ತರದ ದನಿ. ಎತ್ತು ಕಟ್ಟಿ ನೀರೆತ್ತುವ ಒಂದು ಕಪಿಲೆ ಬಾವಿ, ಅದರ ಕೆಳಗೆ ಮೆಣಸಿನ ತೋಟ, ಕೆಲಸಕ್ಕೆ ಕೆಂಚಮ್ಮ, ಕಪಿಲೆಯ ಎತ್ತು ಹೊಡೆಯಲು ಅವಳ ಗಂಡ. ಇಷ್ಟರಲ್ಲಿ ಆಕೆಯ ರಾಜ್ಯ ಮುಗಿಯಿತು. ಓದು ಬರಹ ಇಲ್ಲ. ಬೆಳಗ್ಗೆ ಮಾತ್ರ, ಮನೆ ಸಾರಿಸಿ ಸ್ನಾನ ಮಾಡಿ, ಹಿತ್ತಿಲ ಬಾಗಿಲ ಎದುರಿಗೆ ಮಣೆ ಹಾಕಿಕೊಂಡು ಲಿಂಗಪೂಜೆಗೆ ಕೂತರೆ, ಆ ದನಿಯ ಹೆಂಗಸು ಇವಳೇ ಎಂದು ಹೇಳಲಾಗುತ್ತಿರಲಿಲ್ಲ.

ನಮ್ಮಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ಅಯ್ಯನೋರು ಬಂದು ಕೊರಳಿಗೆ ಲಿಂಗ ಕಟ್ಟುತ್ತಾರೆ. ಮಣ್ಣಿಗೆ ಹೋಗುವವರೆಗೂ ಅದು ಮೈ ಬಿಡುವ ಹಾಗಿಲ್ಲ. ಕೆಲವರು ಬೆಳ್ಳಿಯ ಕರಡಿಗೆಯಲ್ಲಿ ಇಡುತ್ತಾರೆ. ದೊಡ್ಡವ್ವ ಬಿಳಿಯ ಬಟ್ಟೆಯಲ್ಲಿ ಗಂಟು ಕಟ್ಟಿ ಎದೆಯ ಮೇಲೆ ಇಳಿಬಿಟ್ಟುಕೊಂಡಿದ್ದಳು. ಪೂಜೆಯ ಹೊತ್ತಿಗೆ ಗಂಟು ಬಿಚ್ಚಿ, ಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟುಕೊಂಡು, ವಿಭೂತಿ ಪತ್ರೆ ಏರಿಸಿ, ಅದನ್ನು ನೋಡುತ್ತಾ ಕೂರುವಳು. ಲಿಂಗದ ಮೇಲಿನ ಕರಿಯ ಲೇಪ ಕನ್ನಡಿಯಂತೆ ನುಣುಪು. ಬಾಗಿಲಿನ ಬೆಳಕು ಅದರ ಮೇಲೆ ರಾಗಿಕಾಳಿನಷ್ಟು ಚುಕ್ಕಿಯಾಗಿ ಬೀಳುತ್ತಿತ್ತು. ಆಕೆಯ ಕಣ್ಣು ಆ ಕಾಳಿನ ಮೇಲೆ ನಿಂತಿತೆಂದರೆ ಹೊರಗೆ ಎತ್ತು ಬೆದರಲಿ, ಅಡಿಗೆಮನೆಗೆ ಬೆಕ್ಕು ಹೋಗಲಿ, ರೆಪ್ಪೆ ಅಲುಗದು. ನಾನು ಗಡಿಯಾರವಿಟ್ಟು ಹುಡುಕುತ್ತಿದ್ದುದು ಮೂರು ಮಾರು ದೂರದಲ್ಲಿ, ನಾರು ಸೀರೆಯುಟ್ಟು ಕೂತಿತ್ತು. ನನಗೆ ತಡೆಯಲಾಗಲಿಲ್ಲ. ಕೇಳಿದೆ.

"ದೊಡ್ಡವ್ವ, ಹಾಗೆ ನೋಡ್ತಾ ಇರ್ತೀಯಲ್ಲ, ಆಗ ಏನು ಯೋಚನೆ ಬರ್ತದೆ?"

"ಯೋಚ್ನೆ ಯಾಕ್ಲಾ ಬತ್ತದೆ? ಲಿಂಗ ನೋಡ್ತೀನಿ, ಅಷ್ಟೇಯ."

"ಆಗ 'ನಾನು' ಅನ್ನೋದು ಇರ್ತದಾ?"

"ಅದು ಒಲೆ ಮುಂದೆ ಕುಂತಿರ್ತದೆ, ಮುದ್ದೆ ತಿರುವಾಕೆ. ಏಳು, ಎಸರು ಕುದೀತಾ ಐತೆ."

ಕೆಂಚಮ್ಮ ಕೊಟ್ಟಿಗೆಯಿಂದಲೇ ನಕ್ಕಳು. ನಾನೂ ನಕ್ಕೆ. ಆದರೆ ಬಿಡಲಿಲ್ಲ. ಮರುದಿನ ಕೇಳಿದೆ, ಅದರ ಮರುದಿನವೂ ಕೇಳಿದೆ. ಕಣ್ಣು ನಿಲ್ಲುವುದಕ್ಕೆ ಎಷ್ಟು ಹೊತ್ತು ಬೇಕು? ಬೆಳಕಿನ ಚುಕ್ಕಿ ದೊಡ್ಡದಾಗುತ್ತದೆಯೇ? ಕಿವಿಗೆ ಏನಾದರೂ ಕೇಳುತ್ತದೆಯೇ? ಆಕೆ ಪೂಜೆ ಮುಗಿಸಿ ಏಳುವುದನ್ನೇ ಕಾಯುತ್ತಿದ್ದೆ, ನೋಟ್‌ಬುಕ್ಕು ತೊಡೆಯ ಮೇಲೆ. ಮೊದಲು ಬೈದಳು; ಆಮೇಲೆ, ಪಾಪ, ಹುಡುಗನಿಗೆ ಏನೋ ಬೇಕಾಗಿದೆಯೆಂದು, ಹೇಳಲು ಪ್ರಯತ್ನ ಮಾಡಿದಳು. ಹೇಳಲು ಪ್ರಯತ್ನ ಮಾಡುವುದೆಂದರೆ ಪೂಜೆಯ ಹೊತ್ತಿನಲ್ಲೇ ನನ್ನ ಪ್ರಶ್ನೆಗೆ ಉತ್ತರ ಹುಡುಕುವುದು. ಅದು ನನಗೆ ಹೊಳೆಯಲಿಲ್ಲ. ಇಪ್ಪತ್ತು ದಿನವೋ, ಒಂದು ತಿಂಗಳೋ ಕಳೆದ ಮೇಲೆ, ಒಂದು ಬೆಳಗ್ಗೆ, ಲಿಂಗವನ್ನು ಅಂಗೈಯಲ್ಲಿ ಹಿಡಿದೇ ನನ್ನತ್ತ ತಿರುಗಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ದಿಗಿಲು.

"ಲೇ ಮಗಾ, ನೀನು ಕೇಳಕ್ಕೆ ಸುರು ಮಾಡ್ದಾಗಿಂದ ನಂಗೆ ಕಣ್ಣು ನಿಲ್ತಿಲ್ಲ ಕಣ್ಲಾ. ಲಿಂಗ ನೋಡಾಕೆ ಕುಂತ್ರೆ, ನೋಡ್ತಾ ಕುಂತಿರೋಳನ್ನ ನೋಡ್ತೀನಿ. ಇವಳು ಯಾವಳು ನಡುವೆ ಬಂದೋಳು?"

ಈ ಮಾತನ್ನು ಅಂದು ದಿನಚರಿಯಲ್ಲಿ ಬರೆದುಕೊಂಡೆ. ಕೆಳಗೆ ಗೆರೆ ಎಳೆದೆ. ಪಕ್ಕದಲ್ಲಿ "ಬಹಳ ಮುಖ್ಯ" ಎಂದೂ ಬರೆದೆ. ಅಷ್ಟೇ ಮಾಡಿದೆ. ಒಬ್ಬ ಹೆಂಗಸು ಅರವತ್ತು ವರ್ಷ ಉಸಿರಿನಷ್ಟು ಸಹಜವಾಗಿ ಇಟ್ಟುಕೊಂಡಿದ್ದುದನ್ನು ನಾನು ಒಂದು ತಿಂಗಳಲ್ಲಿ ಕೆಡಿಸಿದ್ದೆ, ಮತ್ತು ಅದು ನನಗೆ ಟಿಪ್ಪಣಿಯಾಗಿ ಕಂಡಿತು.

ಅದಾದ ಎರಡನೆಯ ದಿನ ಲಿಂಗ ಕಳೆದುಹೋಯಿತು.

ಆ ಬೆಳಗ್ಗೆ ಆಕೆ ಪೂಜೆ ಮುಗಿಸಿ ಬಟ್ಟೆಯ ಗಂಟು ಹಾಕುವಾಗ ನಾನು ಏನೋ ಕೇಳಿದೆ, ಆಕೆ ಗಂಟು ಹಾಕುತ್ತಲೇ ನನ್ನ ಮುಖ ನೋಡಿ ಉತ್ತರ ಹುಡುಕಿದಳು ಎಂದು ನನ್ನ ತಲೆಯ ನೆನಪು ಹೇಳುತ್ತದೆ. ಕಾಗದದ ನೆನಪು, "ಗಂಟು ಹಾಕಿ ಎದ್ದ ಮೇಲೆ ಕೇಳಿದೆ" ಎನ್ನುತ್ತದೆ. ಅದನ್ನು ಬರೆದದ್ದು ಲಿಂಗ ಕಳೆದದ್ದು ಗೊತ್ತಾದ ಮೇಲೆ. ಯಾವುದನ್ನು ನಂಬಬೇಕೆಂದು ನೀವೇ ನಿರ್ಧರಿಸಿ. ನಾನು ಎಂದೋ ನಿರ್ಧರಿಸಿದ್ದೇನೆ.

ಆಕೆ ತೋಟಕ್ಕೆ ಹೋಗಿ, ಸೀರೆ ಎತ್ತಿಕಟ್ಟಿ, ಗುದ್ದಲಿ ಹಿಡಿದು ಮಡಿಯಿಂದ ಮಡಿಗೆ ನೀರು ತಿರುಗಿಸಿದ್ದಳು. ನಡುಹಗಲಿಗೆ ಕೈಕಾಲು ತೊಳೆಯಲು ಬಗ್ಗಿದಾಗ ಎದೆ ಮುಟ್ಟಿಕೊಂಡಳು. ಕೊರಳ ದಾರದಲ್ಲಿ ಬಿಚ್ಚಿದ ಬಟ್ಟೆ ಮಾತ್ರ ನೇತಾಡುತ್ತಿತ್ತು. ಕೂಗಲಿಲ್ಲ. ಗುದ್ದಲಿ ಕೆಳಗಿಟ್ಟು ಮನೆಗೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಕೆಂಚಮ್ಮ ಕೊಟ್ಟ ನೀರನ್ನು ಬೇಡವೆಂದಳು. ಲಿಂಗ ಮೈಮೇಲೆ ಇಲ್ಲದೆ ಅನ್ನ ನೀರು ಮುಟ್ಟಬಾರದು. ಸಿಗದಿದ್ದರೆ ಹಾಗೆಯೇ ಪ್ರಾಣ ಬಿಡಬೇಕೆಂದು ಹಿಂದಿನವರು ನಡೆದುಕೊಂಡಿದ್ದರು. ಕಾಲ ಬದಲಾಗಿತ್ತು; ಪಕ್ಕದ ಊರಿನಿಂದ ಅಯ್ಯನೋರು ಸಂಜೆ ಬಂದು ಸಮಾಧಾನ ಹೇಳಿದರು.

"ಪ್ರಾಯಶ್ಚಿತ್ತ ಮಾಡಿ ಇನ್ನೊಂದು ಕೊಡ್ತೀನಿ ತಾಯಿ. ಯಾರೂ ನಿನ್ನ ತಪ್ಪು ಅನ್ನೋದಿಲ್ಲ."

"ಕೊಡ್ತೀರಿ ಸ್ವಾಮಿ, ಇಲ್ಲ ಅಂತಿಲ್ಲ. ಅದು ನಂಗೆ ಹೆಸರಿಡೋಕೆ ಮುಂಚೆ ಕಟ್ಟಿದ್ದು. ನಾನು ಯಾರು ಅಂತ ಅದ್ಕೆ ಗೊತ್ತಿತ್ತು. ಹೊಸದ್ಕೆ ಏನಂತ ಹೇಳ್ಕೊಳ್ಲಿ?"

ನಾನು ದೊಡ್ಡವ್ವನ ಕಾಲು ಹಿಡಿದು ಬೇಡಿಕೊಂಡೆ. "ಒಂದು ಗುಟುಕು ನೀರು ಕುಡಿ ದೊಡ್ಡವ್ವ." ಆಕೆ ನನ್ನ ತಲೆಯ ಮೇಲೆ ಕೈ ಇಟ್ಟಳು, ನೀರು ಮುಟ್ಟಲಿಲ್ಲ. ಚೈತ್ರದ ಬಿಸಿಲು. ಕತ್ತಲಾಗುವವರೆಗೂ ಎಲ್ಲರೂ ಹುಡುಕಿದ್ದೆವು, ಸಿಕ್ಕಿರಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ನಾನು ಮತ್ತು ಕೆಂಚಮ್ಮ ಮಡಿಗಳಿಗೆ ಇಳಿದೆವು. ಹೇಗೆ ಹುಡುಕಬೇಕೆಂದು ಅವಳೇ ಹೇಳಿಕೊಟ್ಟಳು. ಕಾಲಿಡದೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕೆಸರನ್ನು ಬೊಗಸೆ ಬೊಗಸೆಯಾಗಿ ಎತ್ತಿ ಹಿಸುಕಬೇಕು. ಗುಂಡಗೆ, ಗಟ್ಟಿಯಾಗಿ ಸಿಕ್ಕಿದ್ದನ್ನೆಲ್ಲ ಬದುವಿನ ಮೇಲೆ ಸಾಲಾಗಿ ಇಡಬೇಕು, ಆಮೇಲೆ ತೊಳೆದು ನೋಡುವುದು. "ಬೆರಳು ಹೇಳ್ತದೆ ಬುದ್ಧಿ, ಕಣ್ಣು ಹೇಳಾಕಿಲ್ಲ" ಎಂದಳು. ಆ ಕೊನೆಯಿಂದ ಅವಳು, ಈ ಕೊನೆಯಿಂದ ನಾನು.

ಮೊದಮೊದಲು ನನ್ನೊಳಗೆ ಒಂದು ಸಂತೆಯೇ ನೆರೆದಿತ್ತು. ಸಿಕ್ಕಿದರೆ ದಿನಚರಿಯನ್ನು ಸುಟ್ಟುಬಿಡುತ್ತೇನೆಂದು ಶಿವನ ಜೊತೆ ಚೌಕಾಸಿ ಮಾಡಿದೆ. ಸಿಗದಿದ್ದರೆ ತಂದೆಗೆ ಏನು ಹೇಳುವುದೆಂದು ವಾಕ್ಯ ಜೋಡಿಸಿದೆ, ಅದರಲ್ಲಿ ನನ್ನ ತಪ್ಪು ಕಡಮೆ ಕಾಣುವಂತೆ ತಿದ್ದಿದೆ, ತಿದ್ದಿದ್ದಕ್ಕೆ ನಾಚಿದೆ. ಬೊಗಸೆಗಳನ್ನು ಎಣಿಸಿದೆ. ಬಿಸಿಲು ಏರಿತು. ಮಂಡಿ ನೋಯಿತು. ಕೆಂಚಮ್ಮ ದೊಡ್ಡವ್ವನನ್ನು ನೋಡಿ ಬರುತ್ತೇನೆಂದು ಹೋದಳು.

ಆಮೇಲೆ ಏನಾಯಿತೆಂದು ನಿಖರವಾಗಿ ಹೇಳಲಾರೆ. ಹೇಳಬಲ್ಲವನು ಅಲ್ಲಿರಲಿಲ್ಲ ಎಂಬುದೇ ಅದರ ಸಂಗತಿ. ಎಣಿಕೆ ಎಲ್ಲೋ ತಪ್ಪಿತು, ತಪ್ಪಿದ್ದು ಯಾರಿಗೂ ತಿಳಿಯಲಿಲ್ಲ. ಮೇಲಿನ ಕೆನೆ ಬೆಚ್ಚಗೆ, ಒಳಗಿನ ಕೆಸರು ತಣ್ಣಗೆ. ಬೆರಳಿಗೆ ಒಂದು ಬೇರು. ಬೆರಳ ನಡುವೆ ಇಳಿಯುವ ಮರಳು. ಪಕ್ಕದ ತೋಟದ ಕಪಿಲೆಯ ಗಾಲಿ ಕಿರ್ರೆನ್ನುತ್ತಿತ್ತು, ನೀರು ಸುರಿಯುತ್ತಿತ್ತು, ಮತ್ತೆ ಕಿರ್ರೆನ್ನುತ್ತಿತ್ತು. ಬೆನ್ನಿನ ಮೇಲೆ ಬಿಸಿಲಿತ್ತು, ಅದು ನನ್ನ ಬೆನ್ನಾಗಿರಲಿಲ್ಲ. ಮಂಡಿಯಲ್ಲಿ ನೋವಿತ್ತು, ನೊಂದುಕೊಳ್ಳುವವನು ಇರಲಿಲ್ಲ. ತಪ್ಪೂ ಇರಲಿಲ್ಲ, ತಂದೆಯೂ ಇರಲಿಲ್ಲ. ಈಗ ಪದಗಳನ್ನು ಹಾಕಿ ಬರೆಯುತ್ತಿದ್ದೇನೆ, ಅಲ್ಲಿ ಪದವಿರಲಿಲ್ಲ. ಎತ್ತುವುದು, ಹಿಸುಕುವುದು, ಇಡುವುದು. ಅಷ್ಟರಲ್ಲಿ ಲೋಕ ತುಂಬಿಹೋಗಿತ್ತು, ಎಲ್ಲಿಯೂ ಒಂದು ಬಿರುಕಿರಲಿಲ್ಲ.

"ಬುದ್ಧೀ!"

ಕೆಂಚಮ್ಮ ನೀರಿನ ಮಡಕೆ ಹಿಡಿದು ನನ್ನ ಹಿಂದೆ, ಬಹಳ ಹಿಂದೆ, ನಿಂತಿದ್ದಳು. ಬದುವಿನ ಮೇಲಿನ ಕಲ್ಲುಗಳ ಸಾಲನ್ನು ನೋಡುತ್ತಿದ್ದಳು.

"ಇದೇನಪ್ಪಾ ಇದು! ಇಲ್ಲೇ ಕುಂತೈತಲ್ಲಾ! ನಿಮ್ ಕೈಯಾಗೇ ಸಿಕ್ಕೈತೆ, ಸಿಕ್ತು ಅಂತ ಒಂದು ಕೂಗು ಹಾಕ್ಬಾರ್ದಾ? ಅಲ್ಲಿ ಅಮ್ಮಾರ ತುಟಿ ಒಡ್ದು ರಕ್ತ ಬತ್ತಾ ಐತೆ!"

ಎದ್ದು ಹೋಗಿ ನೋಡಿದೆ. ಎರಡು ಬೆಣಚುಕಲ್ಲುಗಳ ನಡುವೆ ಲಿಂಗ ಇತ್ತು. ಕೆಸರು ಮೆತ್ತಿತ್ತು. ಆದರೆ ಒಂದು ಕಡೆ ಹೆಬ್ಬೆರಳಿನಿಂದ ಕೆಸರನ್ನು ಒರೆಸಿದ ಗುರುತಿತ್ತು. ಒರೆಸಿದಷ್ಟು ಜಾಗದಲ್ಲಿ ಕಪ್ಪು ಹೊಳೆಯುತ್ತಿತ್ತು. ಒರೆಸಿದ್ದೆ, ನೋಡಿಯೂ ಇರಬೇಕು, ಸಾಲಿನಲ್ಲಿ ಇಟ್ಟು ಮುಂದಕ್ಕೆ ಹೋಗಿದ್ದೆ. ಅದರಿಂದಾಚೆಗೆ ಇನ್ನೂ ಎರಡು ಪೂರ್ತಿ ಮಡಿಗಳನ್ನು ಹುಡುಕಿ ಮುಗಿಸಿದ್ದೆ. ಒಂದು ಮಡಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಲೆಕ್ಕ ಹಾಕುವ ನಾನು ಆಗ ತಾನೆ ಹಿಂದಿರುಗಿ ಬಂದಿದ್ದೆ, ಬಂದವನೇ ಮಾಡಿದ ಮೊದಲ ಕೆಲಸ ಈ ಲೆಕ್ಕ.

ಮುಂದಿನದನ್ನು ಬೇಗ ಹೇಳುತ್ತೇನೆ. ಅಯ್ಯನೋರು ಬಂದರು. ಲಿಂಗಕ್ಕೆ ಮಜ್ಜನವಾಯಿತು, ಮಂತ್ರವಾಯಿತು. ದೊಡ್ಡವ್ವ ಅಂಗೈಯಲ್ಲಿ ಅದನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಪಾದೋದಕವೆಂಬ ತೀರ್ಥದ ಮೊದಲ ಹನಿಗಳು ಒಡೆದ ತುಟಿಯ ಮೇಲೆ ಬಿದ್ದವು. ಆಕೆಯ ಗಂಟಲು ಏರಿ ಇಳಿಯಿತು. ನಾನು ಬೇರೆ ಕಡೆ ನೋಡಿದೆ.

ಮೂರು ದಿನ ಬಿಟ್ಟು, ಆಕೆ ಎದ್ದು ಓಡಾಡುವಂತಾದ ಮೇಲೆ, ಹೇಳಿದೆ. ಹೇಳದೆ ಇರಬಹುದಿತ್ತು, ಕೆಂಚಮ್ಮ, ನನ್ನನ್ನು ಬೈದರೂ, ಆಕೆಗೆ ಹೇಳಿರಲಿಲ್ಲ.

"ದೊಡ್ಡವ್ವ, ಲಿಂಗ ಒಂದೂವರೆ ಗಂಟೆ ಬದುವಿನ ಮೇಲೇ ಇತ್ತು. ನಾನೇ ಇಟ್ಟಿದ್ದೆ. ನಂಗೆ ಗೊತ್ತಾಗ್ಲಿಲ್ಲ."

"ತೂಕಡಿಸ್ತಿದ್ಯಾ?"

"ಇಲ್ಲ. ಅಷ್ಟು ಎಚ್ಚರವಾಗಿ ಯಾವತ್ತೂ ಇರ್ಲಿಲ್ಲ. ಆದ್ರೆ ಅಲ್ಲಿ ನಾನು ಇರ್ಲಿಲ್ಲ."

ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಆಕೆಯ ಕೈ ನಿಂತಿತು.

"ಅಂಗಾರೆ ನೀನು ನನ್ನ ಕೇಳ್ತಿದ್ದದ್ದು ಅದ್ನೇ ಇರ್ಬೇಕು. ಸಿಕ್ತು ಬುಡು ನಿಂಗೆ."

"ನಂಗೆ ಮಾತ್ರ ಬಾಯಾರಿತ್ತು ಕಣ್ಲಾ," ಎಂದಳು. "ಭಾಳ ಬಾಯಾರಿತ್ತು."

ಮತ್ತೆ ಹುಣಸೆಬೀಜ ಬಿಡಿಸತೊಡಗಿದಳು. ಅದರಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಒಂದೂವರೆ ಗಂಟೆ ಏನು? ಪುಸ್ತಕಗಳಲ್ಲಿ ಬರೆದಿದ್ದ ಸ್ಥಿತಿ ಅದೇ ಆಗಿದ್ದರೆ, ಅದಕ್ಕಿಂತ ದೊಡ್ಡದು ನನ್ನ ಬಾಳಿನಲ್ಲಿ ಬಂದಿಲ್ಲ. ಆದರೆ ನಿಜವಾದ ಎಚ್ಚರಕ್ಕೆ ಲಿಂಗ ಲಿಂಗವಾಗಿ ಕಾಣಬೇಡವೇ? ಬೆಣಚುಕಲ್ಲೂ ಲಿಂಗವೂ ಒಂದೇ ಆಗಿ ಕಂಡದ್ದನ್ನು ಜ್ಞಾನವೆಂದು ವಾದಿಸಬಹುದು. ನನ್ನ ತತ್ತ್ವಶಾಸ್ತ್ರದ ಮೇಷ್ಟರಿದ್ದರೆ ಮೆಚ್ಚಿಕೊಂಡೇ ವಾದಿಸುತ್ತಿದ್ದರು. ಅಷ್ಟು ಹೊತ್ತೂ ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತಿದ್ದ ಹೆಂಗಸಿನ ನಾಲಗೆಗೆ ಆ ವಾದ ಒಂದು ಹನಿಯನ್ನೂ ಕೊಡುತ್ತಿರಲಿಲ್ಲ. ನಾನು ಇಲ್ಲದಾದಾಗ ನನ್ನ ಜೊತೆ ಆಕೆಯೂ ಇಲ್ಲದಾದಳು. ಅದು ಸರಿಯೇ? ಇಪ್ಪತ್ತು ವರ್ಷ ಯೋಚಿಸಿದ್ದೇನೆ, ಒಂದು ಕಡೆ ನಿಂತಿಲ್ಲ.

ಇನ್ನೊಂದು ಪ್ರಶ್ನೆಯಿದೆ, ಅದು ಇದಕ್ಕಿಂತ ಭಾರ. ಆಕೆಯ ಕಣ್ಣು ಮತ್ತೆ ನಿಂತಿತೇ? ನಡುವೆ ಬಂದ 'ಅವಳು' ಎದ್ದು ಹೋದಳೇ? ಹದಿನೈದು ದಿನಕ್ಕೆ ನನಗೆ ಪಾವಗಡದಲ್ಲಿ ಮೇಷ್ಟರ ಕೆಲಸ ಸಿಕ್ಕಿ ಹೊರಟುಬಂದೆ. ಆಮೇಲೆ ಎಷ್ಟೋ ಸಲ ಹೋದೆ. ಕೇಳಲಿಲ್ಲ. ಕೇಳುವ ಹಾಗಿರಲಿಲ್ಲ, ಕೇಳಿದರೆ, ವಾಸಿಯಾಗಿದ್ದ ಗಾಯವನ್ನೂ ಕೆದಕಿದಂತೆ. ಒಂದು ಸಲ ಮಾತ್ರ ತಿಳಿಯದೆ ಬೆಳಗಿನ ಹೊತ್ತಿನಲ್ಲಿ ಹಿತ್ತಿಲ ಬಾಗಿಲಿಂದ ಒಳಗೆ ಬಂದೆ. ಆಕೆ ಮಣೆಯ ಮೇಲೆ ಕೂತಿದ್ದಳು. ನನ್ನ ನೆರಳು ಆಕೆಯ ಅಂಗೈಯ ಮೇಲೆ ಬಿತ್ತು. ಆಕೆ ತಲೆಯೆತ್ತಲಿಲ್ಲ. ಲಿಂಗ ಹಿಡಿದ ಕೈ ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರಿದು, ನೆರಳಿನ ಅಂಚು ದಾಟಿ, ಬೆಳಕಿನಲ್ಲಿ ನಿಂತಿತು. ಆಕೆ ಸರಿಸಿದಳೋ, ಕೈ ತಾನಾಗಿ ಸರಿಯಿತೋ? ನಾನು ಸದ್ದಾಗದಂತೆ ಹಿಂದಕ್ಕೆ ಹೆಜ್ಜೆಯಿಟ್ಟೆ. ಆ ದಿನದ ದಿನಚರಿಯಲ್ಲಿ ಊಟಕ್ಕೆ ಏನಿತ್ತೆಂದು ಬರೆದಿದ್ದೇನೆ, ಇದನ್ನು ಬರೆದಿಲ್ಲ. ಆದ್ದರಿಂದ ಇದಕ್ಕೆ ಎರಡನೆಯ ಸಾಕ್ಷಿಯಿಲ್ಲ. ದೊಡ್ಡವ್ವ ತೀರಿಕೊಂಡು ಎಂಟು ವರ್ಷವಾಯಿತು.

ಇಲ್ಲಿಯವರೆಗೆ ಒಂದೇ ಓಟದಲ್ಲಿ ಬರೆದೆ. ಇಷ್ಟು ಸಲೀಸಾಗಿ ನನ್ನ ಪೆನ್ನು ಎಂದೂ ಓಡಿಲ್ಲ. ಹೊತ್ತು ಏರಿದ್ದು, ಮಸಿ ಮುಗಿಯುತ್ತ ಬಂದದ್ದು, ಕಿಟಕಿಯಿಂದ ಬಿಸಿಲು ಕಾಗದದ ಮೇಲೆ ಬಂದದ್ದು ಯಾವುದೂ ತಿಳಿಯಲಿಲ್ಲ. ಇಲ್ಲಿ ಒಂದು ಒಳ್ಳೆಯ ಮುಕ್ತಾಯದ ವಾಕ್ಯ ಬರಬೇಕಾಗಿತ್ತು, ಅದು ಪೆನ್ನಿನ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಒಳಕೋಣೆಯಿಂದ ಹೆಂಡತಿಯ ದನಿ ಕೇಳಿತು. ಅವಳಿಗೆ ನಾಲ್ಕು ದಿನದಿಂದ ಚಳಿಜ್ವರ. ಹೊಸಕೋಟೆ ಕಡೆಯವಳು, ಜ್ವರ ಏರಿದಾಗ ಅವಳ ಬಾಯಿಗೆ ತವರಿನ ತೆಲುಗು ಬರುತ್ತದೆ.

"ನೀಳ್ಳು... ರೀ, ಒಂದಿಷ್ಟು ನೀರು. ಇದು ಮೂರನೇ ಸಲ ಕೂಗ್ತಿರೋದು, ವಿನಪಡಲೇದಾ? ಕೇಳಿಸ್ಲಿಲ್ವಾ?"

ಮೂರನೆಯ ಸಲ. ಮೊದಲ ಎರಡು ನನ್ನ ಕಿವಿಯ ಮೇಲೆ ಬಿದ್ದಿದ್ದವೇ? ಬಿದ್ದಿರಲೇಬೇಕು. ಗೋಡೆ ಅಷ್ಟು ದಪ್ಪವಿಲ್ಲ.

ಎದ್ದೆ. ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಒಯ್ದೆ. ತಲೆಯ ಕೆಳಗೆ ಕೈ ಕೊಟ್ಟು ಎತ್ತಿದೆ. ಕೂದಲು ಬೆವರಿಗೆ ತೊಯ್ದಿತ್ತು. ಅವಳು ಕುಡಿದಳು. "ಏನು ಬರೀತಿದ್ರಿ ಅಷ್ಟೊಂದು?" ಎಂದಳು. "ಏನೂ ಇಲ್ಲ, ಕುಡಿ" ಎಂದೆ. ಲೋಟವನ್ನು ಇನ್ನಷ್ಟು ಬಾಗಿಸಿದೆ. ಗಂಟಲು ಏರಿ ಇಳಿಯುವುದನ್ನು ಈ ಸಲ ನೋಡಿದೆ, ಕೊನೆಯ ಗುಟುಕಿನವರೆಗೂ. ಇನ್ನೊಂದು ಲೋಟ ಬೇಕೆಂದಳು, ತಂದುಕೊಟ್ಟೆ.

ಹಿಂದಿರುಗಿ ಬಂದು ಕೂತಾಗ ಆ ಮುಕ್ತಾಯದ ವಾಕ್ಯ ಹೋಗಿತ್ತು. ಹುಡುಕಲಿಲ್ಲ. ಕೋಣೆಯ ಬಾಗಿಲನ್ನು ಪೂರ್ತಿ ತೆರೆದು, ಮೇಜನ್ನು ಅದರ ಹತ್ತಿರಕ್ಕೆ ಎಳೆದುಕೊಂಡಿದ್ದೇನೆ. ಅವಳ ಉಸಿರು ಇಲ್ಲಿಗೆ ಕೇಳುತ್ತದೆ.